ಮಂಗಳವಾರ ಬೆಳಗ್ಗೆ ಹತ್ತಕ್ಕೆ ಯಾರು ಬರ್ತಾರೆ?

ಮಾತಾಡುತ್ತಿರುವವರು ಇಬ್ಬರು. ಒಬ್ಬರು ತಿಪಟೂರು, ಅರಸೀಕೆರೆ ಕಡೆ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಗ್ರೀನ್ ಬೇ ನಗರ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರೊಂದರಲ್ಲಿ ನೆಲೆ ನಿಂತಿದ್ದಾಳೆ. ಚೀಸ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕರೆ ಬಂದಾಗ ಊರಿನ ಅಗ್ನಿಶಾಮಕ ದಳದ ಗಾಡಿ ಹತ್ತುವವಳು. ದಳಕ್ಕೆ ಮುಂದೆ ಏನೇನು ಬೇಕು ಎಂದು ಊರ ಮಂಡಳಿಗೆ ಬರೆದುಕೊಡುವ ಸಮಿತಿಯಲ್ಲಿ ಅವಳೂ ಇದ್ದಾಳೆ.

ದೊಡ್ಡಪ್ಪ: ನಿಮ್ಮ ಠಾಣೆ ನೋಡಿಕೊಂಡು ಬಂದೆ. ಗಾಡಿಗಳನ್ನ ತೊಳೆದು ಒರೆಸಿ ನಿಲ್ಲಿಸಿದ್ದೀರಿ. ಗೋಡೆ ಉದ್ದಕ್ಕೂ ಕೋಟು, ಬೂಟು, ಹೆಲ್ಮೆಟ್ಟು ಸಾಲಾಗಿವೆ. ಆದರೆ ಒಳಗೆ ಒಬ್ಬ ನರಮನುಷ್ಯ ಇಲ್ಲವಲ್ಲ ಮಗಳೇ. ನಮ್ಮಲ್ಲಿ ಯಾವ ಹೊತ್ತಲ್ಲಿ ಠಾಣೆಗೆ ಕಾಲಿಟ್ಟರೂ ವಾಚ್‌ರೂಮಿನಲ್ಲಿ ಒಬ್ಬ ಕೂತಿರ್ತಾನೆ. ಇಲ್ಲಿ ಫೋನ್ ಎತ್ತೋದು ಯಾರು?

ಮಗಳು: ಫೋನು ಇಲ್ಲಿಗೆ ಬರೋದೇ ಇಲ್ಲ ದೊಡ್ಡಪ್ಪ. 911 ಒತ್ತಿದರೆ ಕೌಂಟಿಯ ಕಂಟ್ರೋಲ್ ರೂಮಿಗೆ ಹೋಗುತ್ತೆ. ಅಲ್ಲಿಂದ ನಮ್ಮ ಸೊಂಟದ ಪೇಜರಿಗೆ ಟೋನ್ ಬೀಳುತ್ತೆ. ಎಲ್ಲಿದ್ದೀವೋ ಅಲ್ಲಿಂದ ಎದ್ದು, ಸ್ವಂತ ಕಾರಲ್ಲಿ ಠಾಣೆಗೆ ಬಂದು, ಬಟ್ಟೆ ತೊಟ್ಟು, ಗಾಡಿ ತೆಗೀತೀವಿ. ಟೋನ್ ಬಿದ್ದ ಮೇಲಿನ ಹೊತ್ತಿಗೆ ಗಂಟೆ ಲೆಕ್ಕದಲ್ಲಿ ಸಂಬಳ. ರಾತ್ರಿ ಡ್ರಿಲ್ಲಿಗೂ ಕೊಡ್ತಾರೆ. ಕಾದಿರೋ ಹೊತ್ತಿಗೆ ಏನೂ ಇಲ್ಲ.

ದೊಡ್ಡಪ್ಪ: ಅಂದರೆ ಬೆಂಕಿ ಹತ್ತಿದ ಮೇಲೆ ಜನ ಕೂಡಿಸೋದು. ಇದನ್ನ ನಂಬಿಕೊಂಡು ಊರು ನಿದ್ದೆ ಮಾಡುತ್ತಾ?

ಮಗಳು: ಅಮೆರಿಕದ ಬಹುಪಾಲು ಸಣ್ಣ ಊರುಗಳು ನಿದ್ದೆ ಮಾಡೋದು ಇದನ್ನ ನಂಬಿಕೊಂಡೇ. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ನೆರೆಹೊರೆಯವರನ್ನ ಸೇರಿಸಿ ದಳ ಕಟ್ಟಿದಾಗಿಂದ ಬಂದಿರೋ ಪದ್ಧತಿ ಇದು. 2020ರ ಲೆಕ್ಕದಲ್ಲಿ ದೇಶದ ಹತ್ತು ಲಕ್ಷ ಚಿಲ್ಲರೆ ಫೈರ್‌ಫೈಟರುಗಳಲ್ಲಿ 6,76,900 ಮಂದಿ ಸ್ವಯಂಸೇವಕರು, ಅಥವಾ ನಮ್ಮಂತೆ ಕರೆಗೆ ಕೂಲಿ ಪಡೆಯೋರು. 1984ರಲ್ಲಿ ಇದೇ ಲೆಕ್ಕ 8,97,750 ಇತ್ತು. ಈ ಮಧ್ಯೆ ಕರೆಗಳು ಎಷ್ಟೋ ಪಟ್ಟು ಹೆಚ್ಚಾದವು, ಓಡೋರು ಎರಡು ಲಕ್ಷಕ್ಕೂ ಮೀರಿ ಕಡಿಮೆಯಾದರು.

ದೊಡ್ಡಪ್ಪ: ನಮ್ಮದು ಸರ್ಕಾರಿ ಫೋರ್ಸು. 1964ರ ಕಾಯ್ದೆಯಿಂದ ರಾಜ್ಯಕ್ಕೆಲ್ಲ ಒಂದೇ ಇಲಾಖೆ. ಪಾಳಿ ಮೇಲೆ ಹುಡುಗರು ಠಾಣೆಯಲ್ಲೇ ಇರ್ತಾರೆ. ಗಂಟೆ ಹೊಡೆದರೆ ಒಂದು ನಿಮಿಷದೊಳಗೆ ಗಾಡಿ ರಸ್ತೆಯಲ್ಲಿರಬೇಕು. ಹೊರಡೋದರಲ್ಲಿ ನಾವು ನಿಮಗಿಂತ ಎಷ್ಟೋ ಚುರುಕು. ಆದರೆ ದೂರ ನಮ್ಮನ್ನ ಸೋಲಿಸ್ತಿತ್ತು. ತಾಲ್ಲೂಕಿಗೊಂದು ಠಾಣೆ. ಗಡಿಯಂಚಿನ ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದರೆ ನಾವು ಮುಟ್ಟೋ ಹೊತ್ತಿಗೆ ಬೂದಿ ಕೆದಕೋ ಕೆಲಸ ಉಳಿದಿರ್ತಿತ್ತು. ಪಕ್ಕದ ಕೊಟ್ಟಿಗೆಗೆ ಹಬ್ಬದಂತೆ ನೋಡಿಕೊಂಡು ಬರ್ತಿದ್ವಿ.

ಮಗಳು: ನಮ್ಮ ಕಷ್ಟ ಅದರ ತಿರುಗುಮುರುಗು. ಠಾಣೆ ಹತ್ತಿರ, ಜನ ದೂರ. ರಾತ್ರಿ ಎರಡು ಗಂಟೆಗೆ ಟೋನ್ ಬೀಳಲಿ, ಹದಿನೈದು ಮಂದಿ ಬಂದುಬಿಡ್ತಾರೆ, ಎಲ್ಲಾ ಮನೆಯಲ್ಲೇ ಇರ್ತಾರಲ್ಲ. ಮಂಗಳವಾರ ಬೆಳಗ್ಗೆ ಹತ್ತಕ್ಕೆ ಬೀಳಲಿ, ಮೂವರು ಬಂದರೆ ಪುಣ್ಯ. ಉಳಿದವರು ಗ್ರೀನ್ ಬೇಯಲ್ಲೋ ಆಪಲ್‌ಟನ್‌ನಲ್ಲೋ ಕೆಲಸದ ಮೇಲಿರ್ತಾರೆ. ಹಿಂದೆ ಊರ ಸುತ್ತ ಸಣ್ಣ ಸಣ್ಣ ಡೈರಿಗಳಿದ್ದವು, ರೈತ ಹೊಲದಿಂದ ಪಿಕಪ್ ಓಡಿಸಿಕೊಂಡು ಬರ್ತಿದ್ದ. ಹಾರ್ಡ್‌ವೇರ್ ಅಂಗಡಿಯೋನು ಬಾಗಿಲಿಗೆ ಬೋರ್ಡ್ ತಗುಲಿಸಿ ಬರ್ತಿದ್ದ. ಈಗ ಡೈರಿಗಳು ಕಡಿಮೆಯಾಗಿ, ಉಳಿದವು ದೊಡ್ಡವಾದವು. ಅಂಗಡಿಯೂ ಇಲ್ಲ.

ದೊಡ್ಡಪ್ಪ: ಕೆಲಸದಿಂದ ಬಿಡಿಸಿಕೊಂಡು ಬರೋದಕ್ಕೆ ಕಾನೂನಿಲ್ಲವಾ?

ಮಗಳು: ಅರ್ಧ ಇದೆ. ಕೆಲಸದ ಹೊತ್ತಿಗೆ ಮುಂಚೆ ಶುರುವಾದ ಕರೆಗೆ ಹೋಗಿ ತಡವಾದರೆ ಮಾಲೀಕ ಶಿಕ್ಷಿಸೋ ಹಾಗಿಲ್ಲ, ಆ ಹೊತ್ತಿನ ಸಂಬಳ ಹಿಡಿಯಬಹುದು ಅಷ್ಟೆ. ಆದರೆ ಕೆಲಸದ ನಡುವೆ ಎದ್ದು ಬರೋ ಹಕ್ಕು ಅದರಲ್ಲಿಲ್ಲ. ನಮ್ಮ ಕಾರ್ಖಾನೆ ನನ್ನನ್ನ ಬಿಡುತ್ತೆ, ನನ್ನ ಕೆಲಸ ಅರ್ಧ ಗಂಟೆ ನಿಂತರೂ ಲೈನ್ ನಿಲ್ಲಲ್ಲ. ಲೈನಿನ ಮೇಲೆ ನಿಂತಿರೋ ಹುಡುಗನನ್ನ ಹೇಗೆ ಬಿಡ್ತಾರೆ? ಮಾಲೀಕರನ್ನ ದೂರೋಕೆ ನನಗೆ ಮನಸ್ಸಿಲ್ಲ. ಊರಿಗೆ ಬೇಕಾದ ಸೇವೆಯ ಖರ್ಚನ್ನ ಒಬ್ಬ ಮಾಲೀಕನ ಒಳ್ಳೆಯತನದ ಮೇಲೆ ಹೊರಿಸಿದ್ದೀವಲ್ಲ, ತಪ್ಪು ಅಲ್ಲಿದೆ.

ದೊಡ್ಡಪ್ಪ: ಕನಿಷ್ಠ ಎಷ್ಟು ಜನ ಅಂತ ಯಾರಾದರೂ ಹೇಳಿದ್ದಾರಾ?

ಮಗಳು: ವಿಸ್ಕಾನ್ಸಿನ್ ಕಾನೂನೇ ಹೇಳುತ್ತೆ. ಕಟ್ಟಡದ ಬೆಂಕಿಯ ಮೊದಲ ಕರೆಗೆ ಚೀಫ್ ಬಿಟ್ಟು ನಾಲ್ಕು ಮಂದಿ ಬರೋದನ್ನ ದಳ ಖಾತ್ರಿಪಡಿಸಬೇಕು. ಒಬ್ಬರ ಕೈಲಾಗದಿದ್ದರೆ ಪಕ್ಕದ ಊರಿನ ದಳದ ಜೊತೆ ಒಪ್ಪಂದ ಮಾಡಿಕೊಂಡಾದರೂ ಸರಿ. ಇನ್ನೊಂದು, ಎನ್‌ಎಫ್‌ಪಿಎ ಅನ್ನೋ ಅಗ್ನಿ ಸುರಕ್ಷತಾ ಸಂಸ್ಥೆಯ 1720 ಅನ್ನೋ ಮಾನದಂಡ. ಚದರ ಮೈಲಿಗೆ 500ಕ್ಕಿಂತ ಕಡಿಮೆ ಜನ ಇರೋ ಕಡೆ, 14 ನಿಮಿಷದಲ್ಲಿ ಆರು ಮಂದಿ, ನೂರರಲ್ಲಿ ಎಂಬತ್ತು ಸಲವಾದರೂ.

ದೊಡ್ಡಪ್ಪ: ಹದಿನಾಲ್ಕು ನಿಮಿಷ ಅಂದರೆ ತುಂಬಾ ಆಯ್ತಲ್ಲ.

ಮಗಳು: ಹೌದು. ಯುಎಲ್ ಪ್ರಯೋಗಾಲಯದವರು ಅಕ್ಕಪಕ್ಕ ಎರಡು ಕೋಣೆ ಕಟ್ಟಿ ಸುಟ್ಟು ನೋಡಿದ್ದಾರೆ. ಒಂದರಲ್ಲಿ ಹಳೇ ಕಾಲದ ಮರ, ಹತ್ತಿಯ ಸಾಮಾನು; ಇನ್ನೊಂದರಲ್ಲಿ ಇವತ್ತಿನ ಫೋಮಿನ ಸೋಫಾ, ಪಾಲಿಯೆಸ್ಟರ್ ಪರದೆ. ಹಳೇ ಕೋಣೆ ಪೂರ್ತಿ ಭುಗಿಲೇಳೋಕೆ 29 ನಿಮಿಷ ತಗೊಂಡಿತು. ಹೊಸದು ನಾಲ್ಕು ನಿಮಿಷದೊಳಗೇ ಎದ್ದಿತು.

ದೊಡ್ಡಪ್ಪ: ಕೊಬ್ಬರಿ ಗೋದಾಮು, ನಾರಿನ ಕಾರ್ಖಾನೆ ಹತ್ತಿದರೂ ಹಾಗೇ. ನಾರು ಒಳಗೊಳಗೇ ಕುದ್ದು ಎರಡು ದಿನ ಆದ ಮೇಲೂ ಏಳುತ್ತೆ, ಕೊಬ್ಬರಿ ಎಣ್ಣೆಯಾಗಿ ಹರಿದು ಉರಿಯುತ್ತೆ. ಅಲ್ಲಿ ಮೊದಲ ಗಾಡಿ ಬೇಗ ಮುಟ್ಟಿದರೆ ಒಂದು ಮೂಲೆಯಲ್ಲಿ ನಿಲ್ಲುತ್ತೆ, ಇಲ್ಲವೆಂದರೆ ಸುತ್ತಿನ ನಾಲ್ಕು ಠಾಣೆಗಳನ್ನ ಕರೀಬೇಕು. ಪಕ್ಕದ ಊರಿನ ದಳ ಅಂದೆಯಲ್ಲ, ಅದು ಕಾಗದದ ಮೇಲಷ್ಟೇ ಇದೆಯಾ, ನಿಜವಾಗಿ ಬರ್ತಾರಾ?

ಮಗಳು: ಬರ್ತಾರೆ, ಚೆನ್ನಾಗಿ ಬರ್ತಾರೆ. 1968ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಮಾಬಾಸ್ ಅನ್ನೋ ವ್ಯವಸ್ಥೆ ಇಲ್ಲೂ ಇದೆ. ಯಾವ ಜಾಗದ ಬೆಂಕಿಗೆ ಮೊದಲು ಯಾವ ಊರಿನ ಪಂಪರ್, ಆಮೇಲೆ ಯಾವ ಊರಿನ ನೀರಿನ ಗಾಡಿ, ಏಣಿ ಯಾರದು, ಖಾಲಿಯಾದ ನಮ್ಮ ಠಾಣೆಗೆ ಕಾವಲು ಯಾರು, ಎಲ್ಲಾ ಮೊದಲೇ ಕಾರ್ಡಿನಲ್ಲಿ ಬರೆದಿಟ್ಟಿರ್ತೀವಿ. ಚೀಫ್ ರೇಡಿಯೋದಲ್ಲಿ ಕಾರ್ಡಿನ ನಂಬರ್ ಹೇಳಿದರೆ ಸಾಕು. ಇಷ್ಟಿದ್ದರೂ ಹಗಲು ಹತ್ತು ಗಂಟೆಗೆ ಅವರ ಊರಲ್ಲೂ ಜನ ಇಲ್ಲ. ನಾವು ಅವರನ್ನ ಲೆಕ್ಕಕ್ಕೆ ಹಿಡೀತೀವಿ, ಅವರು ನಮ್ಮನ್ನ ಹಿಡೀತಾರೆ. ಕೆಲವರಂತೂ ಎರಡು ದಳದಲ್ಲೂ ಸದಸ್ಯರು, ಆ ಒಂದೇ ತಲೆಯನ್ನ ಎರಡೂ ಊರು ಎಣಿಸಿಕೊಂಡಿರುತ್ತೆ.

ದೊಡ್ಡಪ್ಪ: ಸರಿ, ಸಮಿತಿಯಲ್ಲಿ ಜಗಳ ಯಾವುದರ ಬಗ್ಗೆ?

ಮಗಳು: ಏಣಿ ಗಾಡಿ ಬಗ್ಗೆ. ವಯಸ್ಸಾದವರು ಇರೋ ಮೂರು ಮಹಡಿ ಕಟ್ಟಡ ಒಂದು ಬಂದಿದೆ. ಸಮಿತಿಯಲ್ಲಿ ಅರ್ಧ ಜನಕ್ಕೆ ಏಣಿ ಗಾಡಿ ಬೇಕು. ನಾನು ಬೇಡ ಅಂತೀನಿ.

ದೊಡ್ಡಪ್ಪ: ಬೇಡ ಅನ್ನೋಕೆ ನಿನಗೆ ಧೈರ್ಯ ಹೇಗೆ ಬಂತು? ಮೂರನೇ ಮಹಡಿಯಲ್ಲಿ ನಡೆಯಲಾಗದ ಅಜ್ಜಿ ಇದ್ದರೆ?

ಮಗಳು: ಆ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇದೆ. ಚಾವಣಿಯ ಹತ್ತಿರ ಶಾಖ 68 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಲ್ಲಿನ ಸ್ಪ್ರಿಂಕ್ಲರ್ ಬಾಯಿ ತಾನೇ ತೆರೆದು ನೀರು ಬೀಳುತ್ತೆ. ನಾವು ಕಾರಿಗೆ ಕೀಲಿ ಹಾಕೋ ಮೊದಲೇ. ವಿಮೆ ಕಂಪನಿಗಳಿಗೆ ಊರುಗಳ ಗ್ರೇಡು ಕೊಡೋ ಐಎಸ್‌ಓದವರು ಕೂಡ, ಮೂರು ಮಹಡಿ ಅಥವಾ ಅದಕ್ಕಿಂತ ಎತ್ತರದ ಕಟ್ಟಡ ಐದಾದರೂ ಇದ್ದರೆ ಏಣಿ ಗಾಡಿ ಇರಲಿ ಅಂತಾರೆ. ನಮ್ಮಲ್ಲಿ ಅಷ್ಟಿಲ್ಲ. ಪಕ್ಕದ ಪಟ್ಟಣದಲ್ಲಿ ಒಂದು ಇದೆ, ಆ ವಿಳಾಸದ ಕಾರ್ಡಿನಲ್ಲಿ ಮೊದಲ ಸಾಲಲ್ಲೇ ಅದನ್ನ ಬರೆಸಿದ್ದೀವಿ. ಸಾದಾ ಪಂಪರ್ ಒಂದಕ್ಕೇ ಈಗ ಹತ್ತು ಲಕ್ಷ ಡಾಲರ್ ಹತ್ತಿರ ಹೇಳ್ತಾರೆ, ಏಣಿಯದು ಅದಕ್ಕಿಂತ ಎಷ್ಟೋ ಮೇಲೆ. ಪಿಯರ್ಸ್ ಕಂಪನಿಯ ಕಾರ್ಖಾನೆ ಇಲ್ಲೇ ಆಪಲ್‌ಟನ್‌ನಲ್ಲಿದೆ, ಆದರೂ ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಬಂದ ಮೇಲೆ ಅದನ್ನ ನಡೆಸೋಕೆ ಕಲಿತ ಜನ ಬೇಕು. ಮಂಗಳವಾರ ಹತ್ತು ಗಂಟೆಗೆ ಬರೋ ಮೂವರಲ್ಲಿ ಒಬ್ಬ ಏಣಿ ತಗೊಂಡು ಹೋದರೆ ಪಂಪಿನ ಹತ್ತಿರ ಯಾರು ನಿಲ್ತಾರೆ?

ದೊಡ್ಡಪ್ಪ: ಈ ಪ್ರಶ್ನೆ ಒಪ್ಪುವಂಥದ್ದು. ಪಂಪಿನವನಿಲ್ಲದೆ ಎಂಥ ಗಾಡಿ ಇದ್ದೂ ಏನು. ನೀರಿನ ಲೆಕ್ಕ ಹೇಳು. ನಮ್ಮ ವಾಟರ್ ಟೆಂಡರ್ 4,500 ಲೀಟರಿಂದು.

ಮಗಳು: ನಮ್ಮ ಪಂಪರಿನಲ್ಲಿ ಸಾವಿರ ಗ್ಯಾಲನ್, ನಿಮ್ಮ ಲೆಕ್ಕದಲ್ಲಿ 3,800 ಲೀಟರ್ ಸ್ವಲ್ಪ ಕಡಿಮೆ. ಒಂದು ಲೈನಿಗೆ ನಿಮಿಷಕ್ಕೆ 150 ಗ್ಯಾಲನ್ ಅಂದರೆ ಏಳು ನಿಮಿಷ ತುಂಬೋ ಮೊದಲೇ ಖಾಲಿ. ಎರಡನೇ ಲೈನ್ ತೆಗೆದರೆ ಮೂರು ನಿಮಿಷ ಚಿಲ್ಲರೆ. ಊರೊಳಗೆ ಹೈಡ್ರಂಟ್ ಇದೆ, ಚಿಂತೆಯಿಲ್ಲ. ಊರ ಗಡಿ ದಾಟಿದರೆ ಹೊಲ, ಡೈರಿ. ಅಲ್ಲಿ ನೀರನ್ನ ಹೊತ್ತೇ ಹೋಗಬೇಕು. 3,000 ಗ್ಯಾಲನ್ನಿನ ಟೆಂಡರ್ ಬಂದು, ಬೆಂಕಿ ಹತ್ತಿರ ಮಡಚೋ ತೊಟ್ಟಿ ಬಿಚ್ಚಿ, ಅದಕ್ಕೆ ಸುರಿದು, ಮತ್ತೆ ತುಂಬಿಸಿಕೊಳ್ಳೋಕೆ ಓಡುತ್ತೆ. ಪಂಪರ್ ತೊಟ್ಟಿಯಿಂದ ಎಳೆದುಕೊಳ್ಳುತ್ತೆ. ಮೂರು ನಾಲ್ಕು ಊರಿನ ಟೆಂಡರುಗಳು ಸಾಲಾಗಿ ಸುತ್ತಬೇಕು, ಅದರಲ್ಲಿ ಒಂದು ತಪ್ಪಿದರೆ ನಳಿಕೆ ಒಣಗುತ್ತೆ.

ದೊಡ್ಡಪ್ಪ: ಕೆರೆ, ಬಾವಿಯಿಂದ ಎಳೆಯೋಲ್ಲವಾ? ನಮ್ಮ ಜೀವ ಇರ್ತಿದ್ದದ್ದೇ ಕೆರೆ ಏರಿ ಮೇಲೆ. ಸಕ್ಷನ್ ಹೋಸ್ ಇಳಿಸಿ ಆರು ಮೀಟರ್ ಒಳಗೆ ನೀರು ಸಿಕ್ಕರೆ ಗೆದ್ದ ಹಾಗೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೈ ಕಟ್ಟಿದಂತಾಗ್ತಿತ್ತು.

ಮಗಳು: ಇಲ್ಲಿ ಚಳಿಗಾಲದಲ್ಲಿ ಹಾಗಾಗುತ್ತೆ. ಕೆರೆ ತುಂಬಾ ನೀರಿರುತ್ತೆ, ಮೇಲೆ ಎರಡು ಅಡಿ ಹಿಮಗಡ್ಡೆ. ಗರಗಸದಿಂದ ಕೊರೆದು ಹೋಸ್ ಇಳಿಸಬೇಕು. ಅದಕ್ಕೇ ಕೆಲವು ಕೆರೆಗಳಲ್ಲಿ ಹಿಮಗಟ್ಟುವ ಆಳಕ್ಕಿಂತ ಕೆಳಗೆ ಪೈಪ್ ಹೂತು, ದಡದಲ್ಲಿ ಬಾಯಿ ಬಿಟ್ಟಿರ್ತಾರೆ. ಇಂಥ ಪೈಪು ಇನ್ನೆರಡು ಕಡೆ ಹಾಕಿಸಿ ಅಂತ ನಾನು ಕೇಳ್ತಿದ್ದೀನಿ. ಏಣಿ ಗಾಡಿಯ ದುಡ್ಡಿನ ಮುಂದೆ ಅದರ ಖರ್ಚು ಎಷ್ಟರದು! ಉದ್ಘಾಟನೆಗೆ ಫೋಟೋ ಬರಲ್ಲ ಅಂತ ಯಾರೂ ಅದನ್ನ ಕೇಳಲ್ಲ.

ದೊಡ್ಡಪ್ಪ: ನೀರಿನ ಗಾಡಿ ಓಡಿಸೋದು ಯಾರು? ಹನ್ನೊಂದು ಟನ್ ನೀರು ಬೆನ್ನಿಗಿರುತ್ತೆ. ತಿರುವಿನಲ್ಲಿ ಅದು ಗಾಡಿಯನ್ನ ಎತ್ತ ಬೇಕೋ ಅತ್ತ ಎಳೆಯುತ್ತೆ. ನಮ್ಮಲ್ಲಿ ಚಾಲಕ ಅನ್ನೋದೇ ಬೇರೆ ಹುದ್ದೆ, ಪಂಪೂ ಅವನದೇ.

ಮಗಳು: ಈ ದೇಶದಲ್ಲೂ ಬೆಂಕಿಗೆ ಹೋಗೋ ದಾರಿಯಲ್ಲಿ ದಳದ ಗಾಡಿ ಉರುಳಿ ಸಾಯೋರಲ್ಲಿ ನೀರಿನ ಗಾಡಿಯವರೇ ಬಹಳ. ಅರ್ಧ ತುಂಬಿದ ಟ್ಯಾಂಕು, ಜಲ್ಲಿ ರಸ್ತೆ, ಇಪ್ಪತ್ತು ವರ್ಷದ ಹುಡುಗ, ಬೆಲ್ಟ್ ಹಾಕಿಲ್ಲ. ಇಲ್ಲಿ ಸೇರೋರಿಗೆ ಟೆಕ್ನಿಕಲ್ ಕಾಲೇಜಿನಲ್ಲಿ 60 ಗಂಟೆಯ ಮೊದಲ ಪಾಠ ಕಡ್ಡಾಯ. ಫೈರ್‌ಫೈಟರ್ ಒಂದನೇ ದರ್ಜೆಗೆ ಇನ್ನೂ 36 ಗಂಟೆ. ಗಾಡಿ ಓಡಿಸೋ, ಪಂಪ್ ನಡೆಸೋ ಪಾಠ ಆಮೇಲೆ. ಇದೆಲ್ಲಾ ವಾರದ ರಾತ್ರಿಗಳಲ್ಲಿ, ಶನಿವಾರಗಳಲ್ಲಿ. ಎಂಟು ಗಂಟೆ ದುಡಿದು ಬಂದು, ಮಕ್ಕಳಿಗೆ ಊಟ ಬಡಿಸಿ, ಆಮೇಲೆ ಹೋಗಬೇಕು. ಕರೆಗೆ ಕೂಲಿ ಕೊಡೋ ಊರು ಪಾಠದ ಗಂಟೆಗೂ ಕೊಡಬೇಕು ಅನ್ನೋದು ನನ್ನ ಹಟ. ಕೊಡದ ಊರುಗಳಿವೆ.

ದೊಡ್ಡಪ್ಪ: ನೀನು ಮಕ್ಕಳನ್ನ ಬಿಟ್ಟು ರಾತ್ರಿ ಹೋಗ್ತೀಯಲ್ಲ, ಅದನ್ನ ನಿನ್ನಪ್ಪ ನನಗೆ ಹೇಳಿ ಗೋಳಾಡ್ತಾನೆ.

ಮಗಳು: ನನ್ನ ಗಂಡ ಮನೆಯಲ್ಲಿದ್ದರೆ ಹೋಗ್ತೀನಿ, ಇಲ್ಲದಿದ್ದರೆ ಪೇಜರ್ ಕೂಗಿದರೂ ಏಳಲ್ಲ. ಗಂಡ ಊರಲ್ಲಿಲ್ಲದ ತಾಯಂದಿರು ನಮ್ಮ ದಳದಲ್ಲಿ ಬೇರೆಯವರೂ ಇದ್ದಾರೆ. ಠಾಣೆಗೆ ಒಬ್ಬರು ಹಿರಿಯರು ಬಂದು ಮಕ್ಕಳನ್ನ ನೋಡಿಕೊಂಡರೆ ಇನ್ನಿಬ್ಬರು ಕೈಗೆ ಸಿಗ್ತಾರೆ ಅಂದೆ. ಕೇಳಿ ಸುಮ್ಮನಾದರು. ಬಟ್ಟೆಯದೂ ಅದೇ ಕತೆ. ಈ ದೇಶದ ಫೈರ್‌ಫೈಟರುಗಳಲ್ಲಿ ಹೆಂಗಸರು ನೂರಕ್ಕೆ ಒಂಬತ್ತು. ಕೋಟು, ಗ್ಲೌಸು ಎಲ್ಲಾ ಗಂಡಸಿನ ಅಳತೆಗೇ ಹೊಲೀತಾರೆ. ಬೆರಳ ತುದಿಯಲ್ಲಿ ಒಂದಿಂಚು ಖಾಲಿ ಇದ್ದರೆ ಕತ್ತಲಲ್ಲಿ ಕಪ್ಲಿಂಗ್ ಹೇಗೆ ಹಿಡೀಲಿ? ಸೊಂಟದಲ್ಲಿ ಕೋಟು ಪ್ಯಾಂಟಿನ ನಡುವೆ ಸಂದಿ ಬಿಟ್ಟರೆ ಬಿಸಿ ಅಲ್ಲಿಂದಲೇ ನುಗ್ಗುತ್ತೆ. ಅಳತೆ ತಗೊಂಡು ಹೊಲಿಸಿದ್ದು ಸಿಗುತ್ತೆ. ಊರು ಕೊಡಿಸಬೇಕು.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಖಾಕಿ, ಗಂಬೂಟು, ಒದ್ದೆ ಕರ್ಚೀಫು. ಉಸಿರಾಟಕ್ಕೆ ಹಾಕೋ ಬಿಎ ಸೆಟ್ ಠಾಣೆಗೆ ಒಂದೋ ಎರಡೋ. ಹೊಗೆ ಕುಡಿದು ಕುಡಿದು ಕೆಮ್ಮಿದವರೆಲ್ಲ ಈಗ ಎಲ್ಲಿದ್ದಾರೆ ಅಂತ ಲೆಕ್ಕ ಹಾಕೋಕೆ ಹೋದರೆ ಹೊಟ್ಟೆ ಉರಿಯುತ್ತೆ.

ಮಗಳು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಈ ಕೆಲಸವನ್ನೇ ಕ್ಯಾನ್ಸರ್ ತರುವ ಕೆಲಸ ಅಂತ ಮೊದಲ ಗುಂಪಿಗೆ ಸೇರಿಸಿತು. ಮಸಿ ಹಿಡಿದ ಕೋಟು ಶೌರ್ಯದ ಗುರುತು ಅಂತಿದ್ದರು, ಈಗ ಅದು ವಿಷ. ಒಬ್ಬೊಬ್ಬರಿಗೂ ಎರಡು ಜೊತೆ ಬೇಕು, ಒಂದನ್ನ ತೊಳೆಯೋಕೆ ಹಾಕಿದಾಗ ತೊಡೋಕೆ ಇನ್ನೊಂದು. ಕೈಕಾಲು ತಲೆಗೆಲ್ಲ ಸೇರಿ ಒಂದು ಜೊತೆಗೆ ನಾಲ್ಕೈದು ಸಾವಿರ ಡಾಲರ್, ಹತ್ತು ವರ್ಷ ತುಂಬಿದ ಮೇಲೆ ಹಾಕಿಕೊಳ್ಳೋ ಹಾಗಿಲ್ಲ. ಉಸಿರಾಟದ ಸೆಟ್ ಇನ್ನೂ ದುಬಾರಿ, ಸಿಲಿಂಡರನ್ನ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಕಾರ್ಬನ್ ಫೈಬರಿಂದಾದರೆ 15 ವರ್ಷಕ್ಕೆ ಎಸೀಬೇಕು. ಮೂವತ್ತು ಜನಕ್ಕೆ ಗುಣಿಸಿ ನೋಡಿ. ಗಾಡಿ ಹಳೇದಾದರೂ ದುರಸ್ತಿ ಮಾಡಿ ಒಂದೆರಡು ವರ್ಷ ನೂಕಬಹುದು, ಮೈಮೇಲಿನದನ್ನ ನೂಕೋ ಹಾಗಿಲ್ಲ.

ದೊಡ್ಡಪ್ಪ: ದುಡ್ಡು ಎಲ್ಲಿಂದ?

ಮಗಳು: ಬೆಂಕಿ ವಿಮೆಯ ಪ್ರೀಮಿಯಂ ಮೇಲೆ ರಾಜ್ಯ ನೂರಕ್ಕೆ ಎರಡು ವಸೂಲು ಮಾಡಿ ಊರುಗಳಿಗೆ ಹಂಚುತ್ತೆ. ಮೊದಲೇ ಹೇಳಿದೆನಲ್ಲ, ನಾಲ್ಕು ಜನ ಬರಬೇಕು ಅನ್ನೋ ಕಾನೂನು. ಅದು ಈ ದುಡ್ಡಿನ ಷರತ್ತೇ. ಆದರೆ ಈ ದುಡ್ಡಲ್ಲಿ ಸಾಮಾನು ಕೊಳ್ಳಬಹುದು, ತರಬೇತಿ ಕೊಡಬಹುದು, ಕಟ್ಟಡ ತಪಾಸಣೆ ಮಾಡಿಸಬಹುದು, ವಯಸ್ಸಾದ, ಗಾಯಗೊಂಡ ಸಿಬ್ಬಂದಿಯ ನಿಧಿಗೆ ಹಾಕಬಹುದು. ಬೆಂಕಿಗೆ ಓಡಿದವರ ಕೂಲಿಗೆ ಬಳಸೋ ಹಾಗಿಲ್ಲ. ಕೇಂದ್ರ ಸರ್ಕಾರದ ಸಾಮಾನಿನ ಅನುದಾನ ಇದೆ. 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರು ನೂರಕ್ಕೆ ಐದು ಹಾಕಿದರೆ ಸಾಕು, ಉಳಿದದ್ದು ಅವರದು. ಅದಕ್ಕೆ ಅರ್ಜಿ ಬರೆಯೋದೇ ಒಬ್ಬರ ಪೂರ್ತಿ ಕೆಲಸ. ಇನ್ನು ಬೇಸಿಗೆಯಲ್ಲಿ ಬ್ರಾಟ್ ಅನ್ನೋ ಸಾಸೇಜ್ ಫ್ರೈ, ಪ್ಯಾನ್‌ಕೇಕ್ ತಿಂಡಿ ಮಾಡಿ ಊರವರಿಂದ ಕೂಡಿಸ್ತೀವಿ, ಅದರಲ್ಲೂ ಬರೋದು ಸಾಮಾನೇ. ಜನಕ್ಕೆ ಕಾಣೋ ವಸ್ತುವಿಗೆ ದುಡ್ಡು ಕೊಡೋದು ಸುಲಭ. ಆಸ್ತಿ ತೆರಿಗೆ ಏರಿಸೋಣ ಅಂದರೆ ರಾಜ್ಯ ಮಿತಿ ಹಾಕಿದೆ, ಹೊಸ ಕಟ್ಟಡ ಎಷ್ಟು ಬಂತೋ ಅಷ್ಟೇ ಏರಿಸಬಹುದು, ಮೀರಬೇಕಾದರೆ ಊರ ಜನರ ಮತ ಕೇಳಬೇಕು. ಹೀಗೆ ಎಲ್ಲಾ ದುಡ್ಡೂ ಗಾಡಿಯ ಕಡೆಗೇ ಹರಿಯುತ್ತೆ, ಮನುಷ್ಯರ ಕಡೆ ತಿರುಗಲ್ಲ. ನಾನು ಸಮಿತಿಯಲ್ಲಿ ಕೂತು ಹೇಳ್ತಿರೋದು ಇದನ್ನೇ. ಮತ ಕೇಳೋದಿದ್ದರೆ ಏಣಿಗೆ ಬೇಡ, ಹಗಲು ಹೊತ್ತಿಗೆ ಇಬ್ಬರನ್ನ ಸಂಬಳಕ್ಕೆ ಇಡೋಕೆ ಕೇಳೋಣ. ಬೆಳಗ್ಗೆ ಆರರಿಂದ ಸಂಜೆ ಆರು, ಸೋಮವಾರದಿಂದ ಶುಕ್ರವಾರ.

ದೊಡ್ಡಪ್ಪ: ಇಬ್ಬರು ಏನು ಕಿಸೀತಾರೆ? ನಿಮ್ಮಲ್ಲೇ ನಿಯಮ ಇದೆಯಲ್ಲ, ಒಳಗೆ ಇಬ್ಬರು ಹೋದರೆ ಹೊರಗೆ ಇಬ್ಬರು ಕಾಯಬೇಕು ಅಂತ.

ಮಗಳು: ಒಳಗೆ ಯಾರೋ ಸಿಕ್ಕಿಬಿದ್ದಿದ್ದಾರೆ ಅಂತ ಖಚಿತವಾದರೆ ಆ ನಿಯಮಕ್ಕೆ ವಿನಾಯಿತಿ ಇದೆ. ಇಲ್ಲದಿದ್ದರೂ ಆ ಇಬ್ಬರು ಟೋನ್ ಬಿದ್ದ ಒಂದು ನಿಮಿಷಕ್ಕೆ ಪಂಪರ್ ಹೊರಡಿಸ್ತಾರೆ. ಹೈಡ್ರಂಟಿಗೆ ಹೋಸ್ ಸೇರಿಸ್ತಾರೆ, ಸುತ್ತ ನಡೆದು ಬೆಂಕಿ ಎಲ್ಲಿದೆ ನೋಡ್ತಾರೆ, ಕಿಟಕಿಯಿಂದಲೇ ಒಳಗಿನ ಉರಿಗೆ ನೀರು ಹೊಡೀತಾರೆ. ಯುಎಲ್ ಪ್ರಯೋಗಗಳಲ್ಲಿ ಅದೂ ಗೊತ್ತಾಗಿದೆ, ಹೊರಗಿನಿಂದ ಬೇಗ ಬಿದ್ದ ನೀರು ಒಳಗಿದ್ದವರಿಗೂ ಒಳ್ಳೇದೇ ಮಾಡುತ್ತೆ. ನಾವು ಕಾರಲ್ಲಿ ಬಂದು ಸೇರೋ ಹೊತ್ತಿಗೆ ಅರ್ಧ ಕೆಲಸ ಆಗಿರುತ್ತೆ. ಇನ್ನು ದೇಶದಾದ್ಯಂತ ದಳಗಳಿಗೆ ಬರೋ ಕರೆಗಳಲ್ಲಿ ಬೆಂಕಿ ನೂರಕ್ಕೆ ನಾಲ್ಕೇ. ಮೂರರಲ್ಲಿ ಎರಡು ಪಾಲು ಎದೆನೋವು, ಬಿದ್ದವರು, ಉಸಿರು ಕಟ್ಟಿದವರು. ಅಲ್ಲಿ ಇಬ್ಬರೇ ಸಾಕು.

ದೊಡ್ಡಪ್ಪ: ಉಳಿದ ಹೊತ್ತು?

ಮಗಳು: ನೀವೇ ಹೇಳಿ, ನಿಮ್ಮ ಹುಡುಗರು ಏನು ಮಾಡ್ತಿದ್ದರು?

ದೊಡ್ಡಪ್ಪ: ಪಾಳಿ ಬದಲಾದ ತಕ್ಷಣ ಗಾಡಿ. ಎಂಜಿನ್ ಚಾಲೂ ಮಾಡಿ, ಪಂಪ್ ಎಳೆಯಿಸಿ, ಡೀಸೆಲ್, ನೀರು, ಗಾಳಿ, ಬ್ಯಾಟರಿ. ಹೋಸ್‌ಗಳನ್ನ ಬಿಚ್ಚಿ ಮಡಿಕೆ ಬದಲಿಸಿ ಸುತ್ತೋದು, ಒಂದೇ ಮಡಿಕೆಯಲ್ಲಿ ಬಿಟ್ಟರೆ ಅಲ್ಲೇ ಸೀಳುತ್ತೆ. ನಳಿಕೆ, ಕಪ್ಲಿಂಗ್ ವಾಷರ್. ಎಲ್ಲಾ ಪುಸ್ತಕಕ್ಕೆ ಏರಿಸಿ ಸಹಿ. ನಿಮ್ಮ ಗಾಡಿಗಳನ್ನ ನೋಡಿದಾಗ ಮೊದಲು ಅನಿಸಿದ್ದೇ ಇದು. ವಾರಕ್ಕೊಮ್ಮೆ ನೋಡಿದರೆ ಉಳಿದ ಆರು ದಿನ ದೇವರ ಮೇಲೆ ಭಾರ.

ಮಗಳು: ಅದನ್ನೇ ಬರೀತೀನಿ. ಮತ್ತೆ ತಪಾಸಣೆ. ಆ ವಿಮೆ ದುಡ್ಡು ಬರಬೇಕಾದರೆ ಅಂಗಡಿ, ಶಾಲೆ, ಕಾರ್ಖಾನೆಗಳನ್ನ ಸಾಮಾನ್ಯವಾಗಿ ವರ್ಷಕ್ಕೆರಡು ಸಲ ತಪಾಸಣೆ ಮಾಡಬೇಕು. ಹಗಲಿನ ಇಬ್ಬರು ಅದನ್ನ ಮಾಡ್ತಾ ಪ್ರತಿ ಕಟ್ಟಡದ ನಕ್ಷೆ ತಗೊಳ್ತಾರೆ. ಕರೆಂಟ್ ಎಲ್ಲಿ ತೆಗೀಬೇಕು, ಗ್ಯಾಸ್ ಎಲ್ಲಿ, ಅಮೋನಿಯ ಎಲ್ಲಿ. ನಮ್ಮ ಡೈರಿಗಳಲ್ಲಿ ಗಾಳಿಯಾಡದ ಸೈಲೋ ಇರ್ತವೆ, ಒಮ್ಮೊಮ್ಮೆ ಒಳಗೆ ಮೇವು ಹೊಗೆಯಾಡ್ತಿರುತ್ತೆ. ಗೊತ್ತಿಲ್ಲದೆ ಮೇಲೆ ಹತ್ತಿ ಬಾಗಿಲು ತೆಗೆದು ನೀರು ಬಿಟ್ಟರೆ ಗಾಳಿ ನುಗ್ಗಿ ಇಡೀ ಸೈಲೋ ಸಿಡಿಯುತ್ತೆ. 1985ರಲ್ಲಿ ಹಾಗೆ ಮೂವರು ಫೈರ್‌ಫೈಟರು ಸತ್ತ ಮೇಲೆ ಸರ್ಕಾರ ಎಚ್ಚರಿಕೆ ಪತ್ರ ಹೊರಡಿಸಿತು. ಯಾವ ಹೊಲದಲ್ಲಿ ಯಾವ ಜಾತಿ ಸೈಲೋ ಅನ್ನೋದು ಮೊದಲೇ ಬರೆದಿಟ್ಟಿರಬೇಕು. ಬರೆಯೋಕೆ ಹಗಲು ಮನುಷ್ಯ ಬೇಕು.

ದೊಡ್ಡಪ್ಪ: ನನಗೆ ಒಂದು ಭಯ. ಇಬ್ಬರನ್ನ ಸಂಬಳಕ್ಕೆ ಇಟ್ಟ ದಿನ, ಉಳಿದ ಇಪ್ಪತ್ತೆಂಟು ಜನ ‘ಅವರಿದ್ದಾರಲ್ಲ’ ಅಂತ ಕೂತುಬಿಟ್ಟರೆ? ನಮ್ಮಲ್ಲೂ ಹಿಂದೆ ಊರವರು ಬಿಂದಿಗೆ, ಹಗ್ಗ ಹಿಡಿದು ಸಾಲು ನಿಲ್ತಿದ್ದರು. ಗಾಡಿ ಬರುತ್ತೆ ಅಂತಾದ ಮೇಲೆ ಮೊಬೈಲ್ ಹಿಡಿದು ನಿಲ್ತಾರೆ.

ಮಗಳು: ಆ ಭಯ ನನಗೂ ಇದೆ. ಇಬ್ಬರನ್ನ ಹೊರಗಿನಿಂದ ತಂದು ಕೂರಿಸಿದರೆ ಹಾಗಾಗುತ್ತೆ. ನಮ್ಮವರಲ್ಲೇ ಸರದಿ ಮೇಲೆ ಇಟ್ಟರೆ? ಪಾಳಿಗಳ ನಡುವೆ ಬಿಡುವಿರೋ ನರ್ಸ್ ಇದ್ದಾಳೆ, ಪೇಪರ್ ಮಿಲ್ಲಿನಲ್ಲಿ ರಾತ್ರಿ ಪಾಳಿಯವನಿದ್ದಾನೆ, ನಿವೃತ್ತ ಮೇಷ್ಟರೊಬ್ಬರಿದ್ದಾರೆ. ದಿನಕ್ಕೆ ಇಬ್ಬರಂತೆ ಮನಸ್ಸಿದ್ದವರು ಹೆಸರು ಬರೆಸಲಿ, ಹನ್ನೆರಡು ಗಂಟೆಗೆ ಸಂಬಳ ಸಿಗಲಿ. ಆಗ ಇವರು ಅವರು ಅಂತ ಇರಲ್ಲ. ದೊಡ್ಡಪ್ಪ, ನಮ್ಮ ಹೋಬಳಿಗಳಲ್ಲಿ ಇಂಥದ್ದನ್ನ ಯಾಕೆ ಮಾಡಬಾರದು? ಗಡಿಯ ಹಳ್ಳಿಗೆ ನೀವು ಮುಟ್ಟೋ ಮೊದಲು ಒಂದು ಸಣ್ಣ ಪಂಪು, ಆರು ಜನ.

ದೊಡ್ಡಪ್ಪ: ಬೀಜ ನಮ್ಮಲ್ಲೂ ಇದೆ. ಹೋಮ್‌ಗಾರ್ಡ್ ಅಂದರೆ ಅದೇ ಅಲ್ಲವಾ? ನಮ್ಮ ಗೃಹರಕ್ಷಕ ದಳದ ಕಾಯ್ದೆ 1962ರದು. ಹೊಲ, ಅಂಗಡಿ ನೋಡಿಕೊಂಡಿದ್ದು, ಕರೆದ ದಿನ ಸಮವಸ್ತ್ರ ಹಾಕಿ ಬರ್ತಾರೆ, ಆ ದಿನದ ಭತ್ಯೆ ತಗೊಳ್ತಾರೆ. ಜಾತ್ರೆ, ಚುನಾವಣೆ, ನೆರೆ, ಎಲ್ಲಕ್ಕೂ ಅವರೇ. ಅವರಲ್ಲೇ ಹೋಬಳಿಗೆ ಹತ್ತು ಜನಕ್ಕೆ ಬೆಂಕಿ ಪಾಠ ಕಲಿಸಿ, ಟ್ರ್ಯಾಕ್ಟರಿಗೆ ಕಟ್ಟೋ ಪಂಪು ಕೊಟ್ಟರೆ ಎಷ್ಟೋ ಕೊಟ್ಟಿಗೆ ಉಳೀತವೆ. ಟ್ರ್ಯಾಕ್ಟರಿಲ್ಲದ ಹಳ್ಳಿ ಈಗ ಎಲ್ಲಿದೆ? ಆದರೆ ಹಾಗೆ ಕರೆಯೋ ಮೊದಲು ನಾನು ಕೇಳೋದು ಒಂದೇ. ಅವನಿಗೇನಾದರೂ ಆದರೆ ಹೆಂಡತಿ ಮಕ್ಕಳಿಗೆ ಯಾರು? ಬಾಂಬೆ ಡಾಕ್ ಸ್ಫೋಟದಲ್ಲಿ 1944ರ ಏಪ್ರಿಲ್ 14ರಂದು 66 ಅಗ್ನಿಶಾಮಕರು ಸತ್ತರು, ಪ್ರತಿವರ್ಷ ಆ ದಿನ ನಿಂತು ವಂದಿಸ್ತೀವಿ. ದಿನಗೂಲಿಯವನು ಸತ್ತರೆ ವಂದನೆ ಮಾತ್ರ ಆಗಬಾರದು.

ಮಗಳು: ಇಲ್ಲಿ 1976ರ ಒಂದು ಕೇಂದ್ರ ಕಾನೂನಿದೆ. ಕರ್ತವ್ಯದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ. ಪೂರ್ಣ ಸಂಬಳದವನಾಗಲಿ, ಕರೆಗೆ ಕೂಲಿಯವನಾಗಲಿ, ಏನೂ ಪಡೆಯದ ಸ್ವಯಂಸೇವಕನಾಗಲಿ, ಭೇದವಿಲ್ಲ.

ದೊಡ್ಡಪ್ಪ: ಅದನ್ನ ನೋಡಿ ಕಲೀಬೇಕು. ಇಲ್ಲಿ ಸಾಯೋರು ಹೆಚ್ಚಾಗಿ ಯಾವುದರಿಂದ? ಉರಿಯಿಂದಲಾ?

ಮಗಳು: ಅಲ್ಲ, ಎದೆಯಿಂದ. ಕರ್ತವ್ಯದ ಮೇಲೆ ಸಾಯೋರಲ್ಲಿ ಬಹುಕಾಲದಿಂದ ಅರ್ಧದಷ್ಟು ಮಂದಿ ಹೃದಯಾಘಾತದವರೇ. ಊರ ದಳಗಳಲ್ಲಿ ವಯಸ್ಸಾದವರು ಹೆಚ್ಚು. ನಿದ್ದೆಯಿಂದ ಎದ್ದು ಹತ್ತು ನಿಮಿಷದಲ್ಲಿ ಇಪ್ಪತ್ತು ಕಿಲೋ ಹೊತ್ತು ಉರಿಯೊಳಗೆ ನಿಲ್ತಾರೆ.

ದೊಡ್ಡಪ್ಪ: ಹಾಗಾದರೆ ವೈದ್ಯಕೀಯ ತಪಾಸಣೆ ವರ್ಷಕ್ಕೊಂದು ಸಲ, ಊರಿನ ಖರ್ಚಲ್ಲಿ. ಅದು ನಿನ್ನ ಪಟ್ಟಿಯಲ್ಲಿದೆಯಾ?

ಮಗಳು: ಬರೆದು ಹೊಡೆದುಹಾಕಿದ್ದೀನಿ. ಮಾಡಿಸಿದರೆ ಮೂರು ನಾಲ್ಕು ಜನ ಹೋಗಿಬಿಡ್ತಾರೆ. ಅದರಲ್ಲಿ ಇಬ್ಬರು ಹಗಲು ಹೊತ್ತು ಸಿಗೋರು.

ದೊಡ್ಡಪ್ಪ: ಹೋಗಲಿ ಅಂತ ಯಾರು ಹೇಳಿದರು? ಬಿಎ ಸೆಟ್ ಹಾಕೋದು ಬೇಡ, ಟೆಂಡರ್ ಓಡಿಸಲಿ, ಪಂಪ್ ಹತ್ತಿರ ನಿಲ್ಲಲಿ, ರೇಡಿಯೋ ಹಿಡೀಲಿ. ಅರವತ್ತರ ಚಾಲಕ ಇಪ್ಪತ್ತರವನಿಗಿಂತ ನಿಧಾನವಾಗಿ ತಿರುವು ತಗೊಳ್ತಾನೆ, ನಿನಗೆ ಬೇಕಾಗಿರೋದೂ ಅದೇ. ಎಲ್ಲರೂ ಒಳಗೆ ನುಗ್ಗೋರೇ ಆಗಬೇಕಾಗಿಲ್ಲ. ದರ್ಜೆ ಎರಡು ಮಾಡಿ, ಕೂಲಿ ಒಂದೇ ಇರಲಿ. ಕೂಲಿ ಇಳಿಸಿದರೆ ಮಾತ್ರ ಅವರು ಬರಲ್ಲ.

ಮಗಳು: ಹಾಗಾದರೆ ಹೊಡೆದುಹಾಕಿದ್ದನ್ನ ಮತ್ತೆ ಬರೀತೀನಿ, ಹಗಲಿನ ಇಬ್ಬರ ಕೆಳಗೇ. ಏಣಿ ಗಾಡಿ ಪಟ್ಟಿಯಲ್ಲಿ ಇರಲ್ಲ.

ದೊಡ್ಡಪ್ಪ: ಏಣಿ ಬಿಡೋಕೆ ನಾನಿನ್ನೂ ಒಪ್ಪಿಲ್ಲ. ಆ ಮೂರು ಮಹಡಿ ಕಟ್ಟಡದ ಹತ್ತಿರ ನಾಳೆ ಕರ್ಕೊಂಡು ಹೋಗು. ನಿಮ್ಮ ಕೈಯೇಣಿಗಳಲ್ಲಿ ದೊಡ್ಡದು ಎಷ್ಟು ಅಡಿ?

ಮಗಳು: ಮೂವತ್ತೈದು. ಎತ್ತಿ ನಿಲ್ಲಿಸೋಕೆ ಮೂವರು ಬೇಕು.

ದೊಡ್ಡಪ್ಪ: ಹಿಂದಿನ ಕಿಟಕಿಗಳ ಕೆಳಗೆ ಅದನ್ನ ಊರೋಕೆ ಗಟ್ಟಿ ನೆಲ ಇದೆಯಾ, ಹಿಮ ಬಿದ್ದಾಗ ಅಲ್ಲಿ ಯಾರು ಗುಡಿಸ್ತಾರೆ, ಅಡ್ಡಕ್ಕೆ ಮರ, ಕಾರು, ತಂತಿ ಏನಾದರೂ ಇದೆಯಾ, ನೋಡ್ತೀನಿ. ಆಮೇಲೆ ಹೇಳ್ತೀನಿ ನಿನ್ನ ಮಾತು ಸರಿಯೋ ಅಲ್ಲವೋ ಅಂತ.